ಪ್ಲಾಟ್‌ಫಾರ್ಮ್ ಆಟಕ್ಕೊಂದು ಬಾಹ್ಯಾಕಾಶದ ಆಕ್ಟೋಪಸ್: ಶತ್ರುವನ್ನು ಹಂತ ಹಂತವಾಗಿ ಕಟ್ಟುವ ಬಗೆ

ಆಟಗಳನ್ನು ತಾವೇ ತಯಾರಿಸಲು ಹೊರಟ ಓದುಗರಿಂದ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಮೊದಲನೆಯದು, ‘ದುಂಡಗಿನ ಪುಟ್ಟ ಗ್ರಹದ ಮೇಲೆ ನಿಲ್ಲಿಸಿದ ನನ್ನ ಆಕ್ಟೋಪಸ್ ಉಗುಳುವ ಕಲ್ಲು ಆಟಗಾರನಿಗೆ ತಾಗದೆ ಆಕಾಶಕ್ಕೆ ಹಾರಿಹೋಗುತ್ತದೆ, ಏಕೆ?’ ಎರಡನೆಯದು, ‘ಕಲ್ಲು ಸರಿಯಾಗಿ ತಾಗುವಂತೆ ಮಾಡಿದ ಮೇಲೆ ಆಡಿದವರೆಲ್ಲರೂ ಈ ಶತ್ರು ಅನ್ಯಾಯ ಮಾಡುತ್ತದೆ ಎನ್ನುತ್ತಾರೆ, ಎಲ್ಲಿ ತಪ್ಪಿದೆ?’ ಮೊದಲನೆಯದಕ್ಕೆ ಉತ್ತರ ಸ್ವಲ್ಪ ರೇಖಾಗಣಿತದಲ್ಲಿದೆ. ಎರಡನೆಯದಕ್ಕೆ ಉತ್ತರ, ಶತ್ರು ತಾನು ಏನು ಮಾಡಲಿದ್ದೇನೆ ಎಂಬುದನ್ನು ಮೊದಲೇ ತೋರಿಸಿಕೊಳ್ಳುವ ರೀತಿಯಲ್ಲಿದೆ. ಇವೆರಡನ್ನೂ ಒಂದೇ ಶತ್ರುವಿನಲ್ಲಿ ಸರಿಪಡಿಸುವುದು ಹೇಗೆಂದು ಇಲ್ಲಿ ವಿವರಿಸುತ್ತೇನೆ.

ಪ್ಲಾಟ್‌ಫಾರ್ಮ್ ಆಟವೆಂದರೆ ಓಡುತ್ತ, ಜಿಗಿಯುತ್ತ, ಶತ್ರುಗಳನ್ನು ತುಳಿಯುತ್ತ ಮುಂದೆ ಸಾಗುವ ಬಗೆಯ ಆಟ. ಬಾಹ್ಯಾಕಾಶದ ಆಕ್ಟೋಪಸ್ ಇದಕ್ಕೆ ಹೊಸಬನೇನಲ್ಲ. 2007ರಲ್ಲಿ ನಿಂಟೆಂಡೊ ಕಂಪನಿಯ ವೀ ಎಂಬ ಆಟದ ಯಂತ್ರಕ್ಕಾಗಿ ಬಂದ ‘ಸೂಪರ್ ಮಾರಿಯೊ ಗ್ಯಾಲಕ್ಸಿ’ಯಲ್ಲಿ ಆಕ್ಟೂಂಬಾ ಎಂಬ ಹೆಸರಿನ, ಕಲ್ಲು ಉಗುಳುವ ಇಂಥ ಶತ್ರುವಿದೆ, 2010ರ ಎರಡನೆಯ ಭಾಗದಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ನಾವು ಅದರ ನಕಲನ್ನು ಮಾಡುತ್ತಿಲ್ಲ. ನಮ್ಮದು ಎರಡು ಆಯಾಮದ, ಬದಿಯಿಂದ ಕಾಣುವ ಆಟ.

ಬೇಕಾಗುವುದು

ಗೇಮ್ ಎಂಜಿನ್, ಅಂದರೆ ಚಿತ್ರ, ಚಲನೆ, ಡಿಕ್ಕಿ ಮುಂತಾದವನ್ನು ನಿಭಾಯಿಸುವ ಸಿದ್ಧ ತಂತ್ರಾಂಶ ನಿಮ್ಮ ಬಳಿ ಇರಬೇಕು. ನಾನು ಗೊಡೋ ಎಂಜಿನ್‌ನ ನಾಲ್ಕನೆಯ ಆವೃತ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅದು ಉಚಿತವಾಗಿ ಸಿಗುತ್ತದೆ. ಬೇರೆ ಎಂಜಿನ್ ಬಳಸುವವರಿಗೆ ಹೆಸರುಗಳು ಬದಲಾದಾವು, ಲೆಕ್ಕ ಬದಲಾಗುವುದಿಲ್ಲ. ಓಡುವ ಮತ್ತು ಜಿಗಿಯುವ ಆಟಗಾರನ ಪಾತ್ರ ಮೊದಲೇ ಸಿದ್ಧವಿರಬೇಕು. ಆಟಗಾರನ ಜಿಗಿತದ ಎತ್ತರ ಇನ್ನೂ ದಿನಕ್ಕೊಂದು ಬಗೆ ಬದಲಾಗುತ್ತಿದ್ದರೆ ಶತ್ರುವನ್ನು ಮುಟ್ಟಬೇಡಿ. ಮಾಡಿದ ಅಳತೆಗಳೆಲ್ಲ ವ್ಯರ್ಥವಾಗುತ್ತವೆ.

ಈ ಲೇಖನದ ಉದ್ದಕ್ಕೂ ಬಳಸುವ ಅಳತೆಗಳು ಹೀಗಿವೆ: ಗ್ರಹದ ತ್ರಿಜ್ಯ 160 ಪಿಕ್ಸೆಲ್, ಆಟಗಾರನ ಎತ್ತರ 32 ಪಿಕ್ಸೆಲ್, ಆಕ್ಟೋಪಸ್‌ನ ಅಗಲ 32 ಪಿಕ್ಸೆಲ್. ಆಟ ಸೆಕೆಂಡಿಗೆ 60 ಫ್ರೇಮ್‌ಗಳಂತೆ ನಡೆಯುತ್ತದೆ. ಫ್ರೇಮ್ ಎಂದರೆ ಪರದೆಯ ಮೇಲೆ ಮೂಡುವ ಒಂದು ಚಿತ್ರ. ಒಂದೊಂದರ ಆಯಸ್ಸು ಸುಮಾರು 16.7 ಮಿಲಿಸೆಕೆಂಡ್.

ಹಂತ 1: ಶತ್ರುವನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ನೆಲದ ಮೇಲೆ ನಿಧಾನವಾಗಿ ಅಲೆಯುತ್ತದೆ, ಆಟಗಾರನನ್ನು ಕಂಡರೆ ನಿಂತು ಉಬ್ಬಿಕೊಂಡು ಒಂದು ಕಲ್ಲು ಉಗುಳುತ್ತದೆ, ಆಮೇಲೆ ಸ್ವಲ್ಪ ಹೊತ್ತು ಸುಸ್ತಾಗಿ ನಿಲ್ಲುತ್ತದೆ.’ ಇಷ್ಟೇ ಸಾಕು. ಈ ವಾಕ್ಯದಲ್ಲಿ ಹಿಡಿಯದ ಯಾವ ಗುಣವನ್ನೂ, ಅದು ಎಷ್ಟೇ ಆಕರ್ಷಕವಾಗಿದ್ದರೂ, ಈ ಶತ್ರುವಿಗೆ ಸೇರಿಸಬೇಡಿ. ಎಂಟು ತೋಳಿಗೆ ಎಂಟು ಆಯುಧ ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಅದು ಕೊನೆಯ ದೊಡ್ಡ ಶತ್ರುವಿಗೆ ಇರಲಿ.

ಹಂತ 2: ಚಿತ್ರ

ಎಂಟು ತೋಳುಗಳನ್ನು ಎಣಿಸಿ ಬರೆಯಲು ಹೋಗಬೇಡಿ. 32 ಪಿಕ್ಸೆಲ್ ಅಗಲದಲ್ಲಿ ಎಂಟು ತೋಳುಗಳನ್ನು ಬಿಡಿಸಿದರೆ ಬಾಚಣಿಗೆಯಂತೆ ಕಾಣುತ್ತವೆ. ಜಪಾನಿನ ಟೊಮೊಹಿರೊ ನಿಶಿಕಾಡೊ 1978ರಲ್ಲಿ ಟೈಟೊ ಕಂಪನಿಗಾಗಿ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಕೆಳಸಾಲುಗಳ ಆಕ್ಟೋಪಸ್ ಶತ್ರು ಕೇವಲ 12 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರವಿದೆ. ಚಲನೆಗೆ ಎರಡೇ ಚಿತ್ರಗಳಿವೆ. ಆದರೂ ನೋಡಿದವರಿಗೆ ಅದು ಏನೆಂದು ತಿಳಿಯುತ್ತದೆ. ದೊಡ್ಡ ದುಂಡು ತಲೆ, ತಲೆಯ ಕೆಳಭಾಗಕ್ಕೆ ಇಳಿದ ಕಣ್ಣುಗಳು, ಕೆಳಗೆ ನಾಲ್ಕೈದು ಗಿಡ್ಡ ತೋಳುಗಳು ಇದ್ದರೆ ಆಕ್ಟೋಪಸ್ ಆಯಿತು. ಬಾಹ್ಯಾಕಾಶದ್ದು ಎಂದು ತೋರಿಸಲು ತಲೆಯ ಮೇಲೆ ಎರಡು ಕುಡಿಮೀಸೆ ಸಾಕು.

ಒಂದು ವಿಷಯದಲ್ಲಿ ಮಾತ್ರ ನಿಜವಾದ ಆಕ್ಟೋಪಸ್‌ನಿಂದ ಸಾಲ ಪಡೆಯುವುದು ಒಳ್ಳೆಯದು. ಆ ಪ್ರಾಣಿ ತನ್ನ ದೇಹದ ಚೀಲದಂಥ ಭಾಗದಲ್ಲಿ ನೀರನ್ನು ತುಂಬಿಕೊಂಡು, ಕೊಳವೆಯಂಥ ಅಂಗದ ಮೂಲಕ ಜೋರಾಗಿ ಹೊರಗೆ ಚಿಮ್ಮಿಸುತ್ತದೆ. ಕೆರಳಿದಾಗ ಕ್ಷಣಮಾತ್ರದಲ್ಲಿ ಬಣ್ಣವನ್ನೂ ಬದಲಿಸುತ್ತದೆ. ಹೀಗಾಗಿ ‘ಉಬ್ಬುವುದು, ಬಣ್ಣ ಏರುವುದು, ಉಗುಳುವುದು’ ಎಂಬ ಸರಣಿ ಈ ಶತ್ರುವಿಗೆ ಹೇಳಿ ಮಾಡಿಸಿದಂತಿದೆ. ಉಬ್ಬಿದ ಚಿತ್ರದಲ್ಲಿ ತಲೆಯನ್ನು ಕನಿಷ್ಠ ಕಾಲು ಭಾಗ ದೊಡ್ಡದಾಗಿಸಿ. ಬಣ್ಣದ ಬದಲಾವಣೆಯೊಂದನ್ನೇ ನೆಚ್ಚಿಕೊಂಡರೆ ಕೆಂಪು ಹಸಿರುಗಳ ಭೇದ ಕಾಣದ ಆಟಗಾರರಿಗೆ ಯಾವ ಸೂಚನೆಯೂ ಸಿಕ್ಕಂತಾಗುವುದಿಲ್ಲ, ಆಕಾರವೂ ಬದಲಾಗಲೇಬೇಕು.

ಹಂತ 3: ‘ಮೇಲೆ’ ಎಂದರೆ ಯಾವ ಕಡೆ?

ಸಮತಟ್ಟಾದ ನೆಲದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ದುಂಡು ಗ್ರಹದಲ್ಲಿ ಪ್ರತಿಯೊಂದು ವಸ್ತುವಿಗೂ ಅದರದೇ ಆದ ‘ಮೇಲೆ’ ಇದೆ: ಗ್ರಹದ ಕೇಂದ್ರದಿಂದ ಆ ವಸ್ತುವಿನ ಕಡೆಗೆ ಹೊರಟ ದಿಕ್ಕು. ವಸ್ತುವಿನ ಸ್ಥಾನದಿಂದ ಕೇಂದ್ರದ ಸ್ಥಾನವನ್ನು ಕಳೆದು, ಬಂದ ಉತ್ತರದ ಉದ್ದವನ್ನು 1ಕ್ಕೆ ಇಳಿಸಿದರೆ ಆ ದಿಕ್ಕು ಸಿಗುತ್ತದೆ. ಗುರುತ್ವ ಅದರ ವಿರುದ್ಧ ದಿಕ್ಕಿನಲ್ಲಿ ಎಳೆಯಬೇಕು, ಆಕ್ಟೋಪಸ್‌ನ ಚಿತ್ರ ಅದೇ ದಿಕ್ಕಿಗೆ ತಲೆ ಮಾಡಿ ತಿರುಗಬೇಕು, ಮತ್ತು ಈ ಲೆಕ್ಕ ಪ್ರತಿ ಫ್ರೇಮ್‌ನಲ್ಲಿಯೂ ಹೊಸದಾಗಿ ನಡೆಯಬೇಕು.

ಗೊಡೋದಲ್ಲಿ ‘ಕ್ಯಾರೆಕ್ಟರ್ ಬಾಡಿ 2ಡಿ’ ಎಂಬ ಘಟಕಕ್ಕೆ ‘ಅಪ್ ಡೈರೆಕ್ಷನ್’ ಎಂಬ ಗುಣವೊಂದಿದೆ. ಬಹುಪಾಲು ಜನ ಎಡವುವುದು ಇಲ್ಲಿಯೇ. ಗುರುತ್ವವನ್ನು ಕೇಂದ್ರದ ಕಡೆಗೆ ತಿರುಗಿಸುತ್ತಾರೆ, ಆದರೆ ಈ ಗುಣವನ್ನು ಹಾಗೆಯೇ ಬಿಡುತ್ತಾರೆ. ಎಂಜಿನ್ ಯಾವುದು ನೆಲ, ಯಾವುದು ಗೋಡೆ ಎಂದು ತೀರ್ಮಾನಿಸುವುದು ಇದೇ ದಿಕ್ಕನ್ನು ನೋಡಿಕೊಂಡು. ಪೂರ್ವನಿಗದಿಯಂತೆ 45 ಡಿಗ್ರಿಗಿಂತ ಹೆಚ್ಚು ಓರೆಯಾದದ್ದೆಲ್ಲ ಅದಕ್ಕೆ ಗೋಡೆ. ಪರಿಣಾಮವಾಗಿ ಗ್ರಹದ ನೆತ್ತಿಯಿಂದ ಎಡಕ್ಕೆ 45 ಡಿಗ್ರಿ, ಬಲಕ್ಕೆ 45 ಡಿಗ್ರಿಯವರೆಗೆ ಎಲ್ಲವೂ ಸರಿಯಾಗಿದ್ದು, ಅದನ್ನು ದಾಟಿದ ಕೂಡಲೇ ಆಟಗಾರ ಜಿಗಿಯುವ ಗುಂಡಿ ಒತ್ತಿದರೂ ಜಿಗಿಯುವುದಿಲ್ಲ, ಏಕೆಂದರೆ ಎಂಜಿನ್‌ನ ಕಣ್ಣಿಗೆ ಆತ ನೆಲದ ಮೇಲೆ ನಿಂತೇ ಇಲ್ಲ. ‘ಕೆಲವೊಮ್ಮೆ ಜಿಗಿತ ಕೆಲಸ ಮಾಡುವುದಿಲ್ಲ’ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ.

ಹಂತ 4: ಸ್ಥಿತಿಗಳು ಮತ್ತು ಸಮಯ

ಈಗ ಆಕ್ಟೋಪಸ್‌ಗೆ ಸ್ಟೇಟ್ ಮಷೀನ್ ಕಟ್ಟಬೇಕು. ಶತ್ರು ಯಾವುದೇ ಕ್ಷಣದಲ್ಲಿ ಒಂದೇ ಒಂದು ಸ್ಥಿತಿಯಲ್ಲಿರುವಂತೆ, ಒಂದರಿಂದ ಇನ್ನೊಂದಕ್ಕೆ ಗೊತ್ತಾದ ಕಾರಣಕ್ಕೆ ಮಾತ್ರ ಹೋಗುವಂತೆ ನೋಡಿಕೊಳ್ಳುವ ವ್ಯವಸ್ಥೆಗೆ ಈ ಹೆಸರು. ನಮಗೆ ಆರು ಸ್ಥಿತಿಗಳು ಸಾಕು: ಅಲೆದಾಟ, ಉಬ್ಬುವಿಕೆ, ಉಗುಳುವಿಕೆ, ಸುಸ್ತು, ತತ್ತರ, ಸಾವು.

ಸಮಯದ ಹಂಚಿಕೆಯನ್ನು ಹೀಗೆ ಇಟ್ಟುಕೊಂಡು ಆರಂಭಿಸಿ: ಉಬ್ಬುವಿಕೆಗೆ 30 ಫ್ರೇಮ್, ಉಗುಳುವಿಕೆಗೆ 6, ಸುಸ್ತಿಗೆ 60. ಉಬ್ಬುವಿಕೆಗೆ ಅರ್ಧ ಸೆಕೆಂಡ್ ಬಹಳವಾಯಿತೆಂದು ತಯಾರಕರಿಗೆ ಅನ್ನಿಸುತ್ತದೆ, ಏಕೆಂದರೆ ಶತ್ರು ಏನು ಮಾಡುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಆದರೆ ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು; ನಮ್ಮ ಲೆಕ್ಕದಲ್ಲಿ ಅದು 15 ಫ್ರೇಮ್. ಪರದೆ ಮತ್ತು ನಿಯಂತ್ರಕದ ವಿಳಂಬ ಇನ್ನೂ ಕೆಲವು ಫ್ರೇಮ್‌ಗಳನ್ನು ತಿನ್ನುತ್ತದೆ. ಮೊದಲ ಬಾರಿ ನೋಡುವವನು ಅದು ಏನೆಂದು ಗುರುತಿಸಿ, ಜಿಗಿಯಬೇಕೋ ಓಡಬೇಕೋ ಎಂದು ನಿರ್ಧರಿಸಲು ಉಳಿಯುವುದು ಹತ್ತು ಹನ್ನೆರಡು ಫ್ರೇಮ್ ಅಷ್ಟೇ. ಉಬ್ಬುವಿಕೆಯನ್ನು 15ಕ್ಕಿಂತ ಕೆಳಗಿಳಿಸಿ, ಆಕ್ಟೋಪಸ್ ಪಕ್ಕದಲ್ಲಿಯೇ ನಿಂತಿದ್ದರೆ, ಆಟಗಾರ ನೋಡಿ ತಪ್ಪಿಸಿಕೊಳ್ಳುವುದು ಸಾಧ್ಯವೇ ಇಲ್ಲ. ಏಟು ತಿಂದು ಕಂಠಪಾಠ ಮಾಡಬೇಕಾಗುತ್ತದೆ. ಜನ ‘ಅನ್ಯಾಯ’ ಎಂದು ಹೇಳುವುದು ಇದನ್ನೇ. ಆಟ ಕಷ್ಟವಾಗಬೇಕೆಂದಿದ್ದರೆ ಸುಸ್ತಿನ ಅವಧಿಯನ್ನು ಕಡಿಮೆ ಮಾಡಿ, ಉಬ್ಬುವಿಕೆಯನ್ನು ಕಡಿಮೆ ಮಾಡಬೇಡಿ.

ಎಷ್ಟು ದೂರದಿಂದ ಆಟಗಾರನನ್ನು ಗುರುತಿಸಬೇಕು ಎಂಬುದು ಮುಂದಿನ ಪ್ರಶ್ನೆ. 200 ಪಿಕ್ಸೆಲ್ ಎಂದಿಟ್ಟುಕೊಳ್ಳಿ. ಆದರೆ ಈ 200 ನೇರ ದೂರವಾಗಿರದೆ ನೆಲದ ಗುಂಟ ಅಳೆದ ದೂರವಾಗಿರಬೇಕು. 80 ಪಿಕ್ಸೆಲ್ ತ್ರಿಜ್ಯದ ಚಿಕ್ಕ ಗ್ರಹವೊಂದನ್ನು ಊಹಿಸಿಕೊಳ್ಳಿ: ಅದರ ವ್ಯಾಸವೇ 160. ನೇರ ದೂರವನ್ನು ಅಳೆಯುವ ಆಕ್ಟೋಪಸ್‌ಗೆ ಗ್ರಹದ ಸರಿಯಾಗಿ ಹಿಂಬದಿಯಲ್ಲಿರುವ ಆಟಗಾರನೂ ಕಾಣುತ್ತಾನೆ, ಅಂದರೆ ಅದು ನೆಲದ ಮೂಲಕ ನೋಡುತ್ತದೆ. ನೆಲದ ಗುಂಟ ಅಳೆದರೆ ಅದೇ ಆಟಗಾರ ಸುಮಾರು 251 ಪಿಕ್ಸೆಲ್ ದೂರದಲ್ಲಿದ್ದಾನೆ. ನೆಲದ ದೂರವನ್ನು ಪಡೆಯಲು ಇಬ್ಬರ ‘ಮೇಲೆ’ ದಿಕ್ಕುಗಳ ನಡುವಿನ ಕೋನವನ್ನು ರೇಡಿಯನ್‌ನಲ್ಲಿ ತೆಗೆದುಕೊಂಡು ತ್ರಿಜ್ಯದಿಂದ ಗುಣಿಸಿ. ರೇಡಿಯನ್ ಎಂದರೆ ಕೋನದ ಒಂದು ಅಳತೆ; ಪೂರ್ತಿ ಒಂದು ಸುತ್ತು ಸುಮಾರು 6.28 ರೇಡಿಯನ್.

ಕೋನಗಳನ್ನು ಕಳೆಯುವಾಗ ಎಚ್ಚರವಿರಲಿ. 179 ಡಿಗ್ರಿಯಲ್ಲಿರುವ ಆಕ್ಟೋಪಸ್‌ಗೂ ಮೈನಸ್ 179 ಡಿಗ್ರಿಯಲ್ಲಿರುವ ಆಟಗಾರನಿಗೂ ನಡುವೆ ಇರುವುದು ಎರಡೇ ಡಿಗ್ರಿ. ಸುಮ್ಮನೆ ಕಳೆದರೆ 358 ಬರುತ್ತದೆ, ಮತ್ತು ಮೂಗಿನ ಕೆಳಗಿರುವ ಆಟಗಾರ ಆಕ್ಟೋಪಸ್‌ಗೆ ಕಾಣುವುದಿಲ್ಲ. ಉತ್ತರವನ್ನು ಯಾವಾಗಲೂ ಮೈನಸ್ 180ರಿಂದ 180ರ ಮಿತಿಯೊಳಗೆ ತನ್ನಿ. ಅದರ ಧನ ಅಥವಾ ಋಣ ಚಿಹ್ನೆಯಿಂದಲೇ ಯಾವ ಕಡೆಗೆ ಉಗುಳಬೇಕೆಂಬುದೂ ತಿಳಿಯುತ್ತದೆ.

ಇನ್ನೊಂದು ಸಣ್ಣ ಮಾತು: 200 ಪಿಕ್ಸೆಲ್‌ಗೆ ಗುರುತಿಸಿದರೆ, 260 ದಾಟಿದ ಮೇಲೆಯೇ ಮರೆಯಲಿ. ಎರಡಕ್ಕೂ ಒಂದೇ ಗಡಿ ಇಟ್ಟರೆ, ಗಡಿಯ ಮೇಲೆ ಆಟಗಾರ ಹಿಂದೆ ಮುಂದೆ ಸರಿಯುತ್ತಿದ್ದಂತೆ ಆಕ್ಟೋಪಸ್ ಉಬ್ಬುತ್ತ ಇಳಿಯುತ್ತ ನಡುಗುತ್ತದೆ.

ಹಂತ 5: ಕಲ್ಲು

ಮೊದಲ ಪ್ರಶ್ನೆಗೆ ಉತ್ತರ ಈ ಹಂತದಲ್ಲಿದೆ. ಆಕ್ಟೋಪಸ್‌ನ ಬಾಯಿ ನೆಲದಿಂದ 16 ಪಿಕ್ಸೆಲ್ ಎತ್ತರದಲ್ಲಿದೆ ಎನ್ನೋಣ. ಕೇಂದ್ರದಿಂದ ಅದು 176 ಪಿಕ್ಸೆಲ್. ಅಲ್ಲಿಂದ ನೆಲಕ್ಕೆ ಸಮಾನಾಂತರವಾಗಿ ಹೊರಟ ಕಲ್ಲು 120 ಪಿಕ್ಸೆಲ್ ನೇರವಾಗಿ ಸಾಗಿದರೆ, ಲಂಬಕೋನ ತ್ರಿಭುಜದ ನಿಯಮದಂತೆ ಕೇಂದ್ರದಿಂದ ಅದರ ದೂರ ಸುಮಾರು 213 ಆಗುತ್ತದೆ. ಅಂದರೆ ಕಲ್ಲು ಈಗ ನೆಲದಿಂದ 53 ಪಿಕ್ಸೆಲ್ ಮೇಲಿದೆ, ಆಟಗಾರನ ಎತ್ತರ 32. ಕಲ್ಲು ತನ್ನ ದಾರಿಯನ್ನು ಬದಲಿಸಲಿಲ್ಲ. ನೆಲವೇ ಅದರ ಕೆಳಗಿನಿಂದ ಬಾಗಿ ಹೋಯಿತು.

ಕಲ್ಲಿಗೆ ಗುರುತ್ವವನ್ನು ಕೊಟ್ಟು ಬಾಗಿಸಬಹುದು, ಆದರೆ ಆಗ ವೇಗ, ಎತ್ತರ, ತ್ರಿಜ್ಯ ಮೂರೂ ಹೊಂದಿಕೆಯಾಗಬೇಕು. ಗ್ರಹ ಬದಲಾದರೆ ಮತ್ತೆ ಮೊದಲಿನಿಂದ ಲೆಕ್ಕ. ನನ್ನ ಸಲಹೆ ಬೇರೆ. ಕಲ್ಲಿನ ಸ್ಥಾನವನ್ನು ಎರಡೇ ಸಂಖ್ಯೆಗಳಲ್ಲಿ ಇಟ್ಟುಕೊಳ್ಳಿ: ಕೇಂದ್ರದ ಸುತ್ತಲಿನ ಕೋನ ಮತ್ತು ಕೇಂದ್ರದಿಂದ ದೂರ. ದೂರವನ್ನು 176ರಲ್ಲಿಯೇ ಸ್ಥಿರವಾಗಿಟ್ಟು ಕೋನವನ್ನು ಮಾತ್ರ ಹೆಚ್ಚಿಸುತ್ತ ಹೋಗಿ. ಸೆಕೆಂಡಿಗೆ 160 ಪಿಕ್ಸೆಲ್ ವೇಗ ಬೇಕಿದ್ದರೆ, 160ನ್ನು 176ರಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 0.91 ರೇಡಿಯನ್, ಅಂದರೆ 52 ಡಿಗ್ರಿ. ಕೋನದ ಕೊಸೈನ್ ಮತ್ತು ಸೈನ್‌ಗಳನ್ನು ದೂರದಿಂದ ಗುಣಿಸಿ, ಕೇಂದ್ರದ ಸ್ಥಾನಕ್ಕೆ ಕೂಡಿದರೆ ಪರದೆಯ ಮೇಲಿನ ಜಾಗ ಸಿಗುತ್ತದೆ. ಗೊಡೋದ ಎರಡು ಆಯಾಮದ ಲೋಕದಲ್ಲಿ ಲಂಬ ಅಕ್ಷ ಕೆಳಮುಖವಾಗಿ ಬೆಳೆಯುವುದರಿಂದ ಕೋನ ಹೆಚ್ಚಿದಂತೆ ಕಲ್ಲು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತದೆ. ಶಾಲೆಯಲ್ಲಿ ಕಲಿತದ್ದಕ್ಕೆ ಇದು ತಿರುಗುಮುರುಗು. ಕಲ್ಲು ಹಿಮ್ಮುಖವಾಗಿ ಹೊರಟರೆ ಗಾಬರಿಯಾಗದೆ ಚಿಹ್ನೆಯನ್ನು ಬದಲಿಸಿ.

ಹೀಗೆ ಮಾಡಿದ ಕಲ್ಲಿಗೆ ಆಯಸ್ಸನ್ನು ನಿಗದಿಪಡಿಸುವುದು ಕಡ್ಡಾಯ. ಈ ವೇಗದಲ್ಲಿ ಕಲ್ಲು 6.9 ಸೆಕೆಂಡಿನಲ್ಲಿ ಗ್ರಹವನ್ನು ಪೂರ್ತಿ ಸುತ್ತಿ ಬರುತ್ತದೆ. ನಾನು ಕಟ್ಟಿದ ಮೊದಲ ಆಕ್ಟೋಪಸ್ ತಾನೇ ಉಗುಳಿದ ಕಲ್ಲು ಬೆನ್ನಿಗೆ ಬಡಿದು ಸತ್ತಿತ್ತು. ನೋಡಲು ತಮಾಷೆಯಾಗಿತ್ತು ಎಂಬುದನ್ನು ಒಪ್ಪುತ್ತೇನೆ, ಆದರೆ ಆಟಗಾರನ ಬೆನ್ನಿಗೆ ಬಿದ್ದಾಗ ಅದು ತಮಾಷೆಯಲ್ಲ. ಆಯಸ್ಸನ್ನು 1.5 ಸೆಕೆಂಡ್ ಮಾಡಿ. ಅಷ್ಟರಲ್ಲಿ ಕಲ್ಲು ಸುಮಾರು 78 ಡಿಗ್ರಿ ಸಾಗಿ ಪುಡಿಯಾಗುತ್ತದೆ. ಮೇಲೆ ಹೇಳಿದ ಸಮಯದ ಹಂಚಿಕೆಯಲ್ಲಿ ಒಂದು ಉಗುಳಿನಿಂದ ಮುಂದಿನ ಉಗುಳಿಗೆ 96 ಫ್ರೇಮ್, ಅಂದರೆ 1.6 ಸೆಕೆಂಡ್ ಅಂತರವಿದೆ. ಹೀಗಾಗಿ ಒಂದು ಆಕ್ಟೋಪಸ್‌ಗೆ ಒಂದು ಹೊತ್ತಿಗೆ ಒಂದೇ ಕಲ್ಲು ಪರದೆಯ ಮೇಲಿರುತ್ತದೆ. ಆಟಗಾರ ಎಣಿಸದೆಯೇ ಇದನ್ನು ಗ್ರಹಿಸುತ್ತಾನೆ: ಕಲ್ಲು ಪುಡಿಯಾಗುತ್ತಿದ್ದಂತೆ ಮುಂದಿನದು ಹೊರಡಲಿದೆ.

ಕಲ್ಲು ಹುಟ್ಟುವ ಜಾಗ ಆಕ್ಟೋಪಸ್‌ನ ಮೈಯಿಂದ ಹೊರಗಿರಲಿ, ಮತ್ತು ಕಲ್ಲನ್ನೂ ಶತ್ರುಗಳನ್ನೂ ಬೇರೆ ಬೇರೆ ಡಿಕ್ಕಿ ಪದರಗಳಲ್ಲಿಡಿ. ಡಿಕ್ಕಿ ಪದರವೆಂದರೆ ಯಾವುದು ಯಾವುದಕ್ಕೆ ತಾಗಬೇಕೆಂದು ಎಂಜಿನ್‌ಗೆ ತಿಳಿಸುವ ಗುಂಪು.

ಹಂತ 6: ತುಳಿಯುವುದು, ತಾಗುವುದು

ಹಿಟ್‌ಬಾಕ್ಸ್ ಎಂದರೆ ತಾಗಿತೋ ಇಲ್ಲವೋ ಎಂದು ನೋಡಲು ಚಿತ್ರದ ಮೇಲೆ ಹೊದಿಸಿದ ಕಾಣದ ಚೌಕಟ್ಟು. ಚಿತ್ರದ ಅಳತೆಯನ್ನೇ ಇದಕ್ಕೂ ಕೊಡುವುದು ಸಾಮಾನ್ಯ ತಪ್ಪು. ಆಕ್ಟೋಪಸ್‌ನ ತೋಳಿನ ತುದಿ ಬೂಟಿಗೆ ಸೋಕಿತೆಂದು ಪ್ರಾಣ ಕಳೆದುಕೊಳ್ಳಲು ಯಾರೂ ಇಷ್ಟಪಡುವುದಿಲ್ಲ. ನೋಯಿಸುವ ಚೌಕಟ್ಟು 22 ಪಿಕ್ಸೆಲ್ ಅಗಲವಿರಲಿ, ತುಳಿಸಿಕೊಳ್ಳುವ ಚೌಕಟ್ಟು 30 ಇರಲಿ. ಅನುಮಾನದ ಲಾಭ ಎರಡು ಕಡೆಯೂ ಆಟಗಾರನಿಗೆ.

ತುಳಿತವೆಂದು ಒಪ್ಪಿಕೊಳ್ಳಲು ಎರಡು ಷರತ್ತುಗಳು ಒಟ್ಟಿಗೆ ಸಲ್ಲಬೇಕು. ಆಟಗಾರ ಕೆಳಗೆ ಬೀಳುತ್ತಿರಬೇಕು, ಮತ್ತು ಆತನ ಪಾದ ಆಕ್ಟೋಪಸ್‌ನ ನಡುಮಟ್ಟಕ್ಕಿಂತ ಮೇಲಿರಬೇಕು. ‘ಕೆಳಗೆ’ ಎಂಬುದನ್ನು ಇಲ್ಲಿಯೂ ಪರದೆಯ ಕೆಳಗೆ ಎಂದು ಬರೆದುಬಿಟ್ಟರೆ ಗ್ರಹದ ತಳಭಾಗದಲ್ಲಿ ಎಲ್ಲವೂ ತಲೆಕೆಳಗು: ತುಳಿದವನೇ ಸಾಯುತ್ತಾನೆ, ಬದಲಾಗಿ ಜಿಗಿದು ಮೇಲೇರುವಾಗ ತಾಗಿದವನು ಗೆಲ್ಲುತ್ತಾನೆ. ಆಟಗಾರನ ವೇಗ ಮತ್ತು ಆಕ್ಟೋಪಸ್‌ನ ‘ಮೇಲೆ’ ದಿಕ್ಕುಗಳ ಡಾಟ್ ಪ್ರಾಡಕ್ಟ್ ತೆಗೆಯಿರಿ; ವೇಗದಲ್ಲಿ ಎಷ್ಟು ಪಾಲು ಆ ದಿಕ್ಕಿನಲ್ಲಿದೆ ಎಂದು ಹೇಳುವ ಸಂಖ್ಯೆ ಅದು. ಉತ್ತರ ಸೊನ್ನೆಗಿಂತ ಕಡಿಮೆಯಿದ್ದರೆ ಆತ ಬೀಳುತ್ತಿದ್ದಾನೆ.

ಒಂದೇ ಫ್ರೇಮ್‌ನಲ್ಲಿ ತುಳಿತವೂ ನೋವೂ ಎರಡೂ ಘಟಿಸಬಹುದು. ತುಳಿತವನ್ನು ಮೊದಲು ಪರೀಕ್ಷಿಸಿ. ಅದು ನಿಜವಾದರೆ ನೋಯಿಸುವ ಚೌಕಟ್ಟು ಆ ಕ್ಷಣವೇ ಕೆಲಸ ನಿಲ್ಲಿಸುವಂತೆ ಮಾಡಿ.

ಈ ಹಂತದಲ್ಲಿ ಕಾಣಿಸಿಕೊಳ್ಳುವ ವಿಚಿತ್ರ ದೋಷವೊಂದಿದೆ: ಉಬ್ಬಿದ ಆಕ್ಟೋಪಸ್ ಅನ್ನು ತುಳಿದು ಕೊಂದ ಮೇಲೆ, ಅದು ಇದ್ದ ಖಾಲಿ ಜಾಗದಿಂದ ಕಲ್ಲೊಂದು ಹೊರಡುತ್ತದೆ. ಉಬ್ಬುವಾಗ ಚಾಲೂ ಮಾಡಿದ ಟೈಮರ್ ಅನ್ನು ಯಾರೂ ನಿಲ್ಲಿಸಿಲ್ಲದಿರುವುದೇ ಕಾರಣ. ಪ್ರತಿ ಸ್ಥಿತಿಗೂ ಪ್ರವೇಶದ ಕೆಲಸದ ಜೊತೆಗೆ ನಿರ್ಗಮನದ ಕೆಲಸವನ್ನೂ ಬರೆದಿಡಿ, ಮತ್ತು ಉಬ್ಬುವಿಕೆಯಿಂದ ಯಾವ ಕಾರಣಕ್ಕೆ ಹೊರಬಂದರೂ ಆ ಟೈಮರ್ ನಿಲ್ಲಲಿ.

ಸೋಲಿಸುವ ದಾರಿ ಎರಡಿದ್ದರೆ ಬಹುಮಾನವೂ ಎರಡು ಬಗೆಯದಾಗಿರಲಿ. ‘ಸೂಪರ್ ಮಾರಿಯೊ ಗ್ಯಾಲಕ್ಸಿ’ಯಲ್ಲಿ ಗೂಂಬಾ ಎಂಬ ಅಣಬೆಯಂಥ ಸಾಮಾನ್ಯ ಶತ್ರುವನ್ನು ತುಳಿದರೆ ನಾಣ್ಯ ಸಿಗುತ್ತದೆ, ಮತ್ತು ಆ ಆಟದಲ್ಲಿ ನಾಣ್ಯ ಕಳೆದುಕೊಂಡ ಶಕ್ತಿಯನ್ನು ಮರಳಿ ಕೊಡುತ್ತದೆ, ಗಿರಕಿ ಹೊಡೆದು ತತ್ತರಿಸುವಂತೆ ಮಾಡಿ ಒದ್ದರೆ ನಕ್ಷತ್ರದ ಚೂರುಗಳು ಸಿಗುತ್ತವೆ. ಏಟು ತಿಂದವನು ತುಳಿಯಲು ನೋಡುತ್ತಾನೆ, ಗಟ್ಟಿಯಾಗಿರುವವನು ಒದೆಯುತ್ತಾನೆ. ಚಿಕ್ಕ ಶತ್ರುವೊಂದು ಹೀಗೆ ಆಯ್ಕೆಯನ್ನು ಮುಂದಿಡುವುದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಆರು ಸ್ಥಿತಿಗಳಲ್ಲಿ ‘ತತ್ತರ’ ಇರುವುದು ಇದಕ್ಕಾಗಿಯೇ.

ಹಂತ 7: ಇಡುವುದು, ಆಡಿಸಿ ನೋಡುವುದು

ಮೊದಲ ಆಕ್ಟೋಪಸ್ ಆಟಗಾರನಿಗೆ ಎದುರಾಗುವ ಜಾಗದಲ್ಲಿ ಕಂದಕವಾಗಲಿ ಮುಳ್ಳಾಗಲಿ ಇರಬಾರದು. ಎರಡು ಆಕ್ಟೋಪಸ್‌ಗಳನ್ನು ಒಂದೇ ಗ್ರಹದಲ್ಲಿಟ್ಟಾಗ ಒಂದರ ಚಕ್ರವನ್ನು 48 ಫ್ರೇಮ್ ತಡವಾಗಿ ಆರಂಭಿಸಿದರೆ ಕಲ್ಲುಗಳು ಸಮ ಅಂತರದಲ್ಲಿ ಬರುತ್ತವೆ. ಇದನ್ನು ಮಾಡದಿದ್ದರೆ ಎರಡೂ ಒಟ್ಟಿಗೆ ಉಗುಳಿ, ಆಟಗಾರ ಒಂದು ಜಿಗಿತದಿಂದ ಇಳಿಯುವ ಜಾಗಕ್ಕೆ ಎದುರಿನಿಂದ ಇನ್ನೊಂದು ಕಲ್ಲು ಬಂದು ನಿಲ್ಲುವುದುಂಟು. ಪರದೆಯ ಹೊರಗಿರುವ ಆಕ್ಟೋಪಸ್ ಉಗುಳಲೇಬಾರದು.

ಬೇರೆಯವರಿಗೆ ಆಡಲು ಕೊಟ್ಟಾಗ ಬಾಯಿ ಬಿಡದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಕಲ್ಲು ತಾಗಿದ ಪ್ರತಿ ಸಲವೂ ಅವರ ಮುಖವನ್ನು ನೋಡಿ: ‘ಛೇ’ ಎಂದರೆ ಸರಿಯಿದೆ, ‘ಏನು?’ ಎಂದರೆ ಉಬ್ಬುವಿಕೆ ಕಾಣಿಸಿಲ್ಲ. ಎರಡನೆಯದು ಬಂದಲ್ಲಿ ಫ್ರೇಮ್‌ಗಳನ್ನು ಹೆಚ್ಚಿಸುವ ಮೊದಲು ಆ ಜಾಗದ ಹಿನ್ನೆಲೆಯನ್ನು ಪರೀಕ್ಷಿಸಿ. ಕೆಂಪು ಬಂಡೆಯ ಮುಂದೆ ಕೆಂಪು ಆಕ್ಟೋಪಸ್ ಎಷ್ಟು ಉಬ್ಬಿದರೂ ಯಾರಿಗೂ ತಿಳಿಯುವುದಿಲ್ಲ. ಕಡೆಯದಾಗಿ, ನೆತ್ತಿಯ ಮೇಲೆ ಪರೀಕ್ಷಿಸಿದ್ದೆಲ್ಲವನ್ನೂ, ಅಂದರೆ ಗುರುತಿಸುವುದು, ಉಗುಳುವುದು, ತುಳಿಯುವುದು, ಉಬ್ಬುವಾಗ ಸಾಯುವುದು, ಇಷ್ಟನ್ನೂ ಗ್ರಹದ ಎಡಬದಿ, ಬಲಬದಿ ಮತ್ತು ತಳದಲ್ಲಿ ಇನ್ನೊಮ್ಮೆ ಪರೀಕ್ಷಿಸಿದ ಮೇಲೆಯೇ ಈ ಆಕ್ಟೋಪಸ್ ಅನ್ನು ಮುಂದಿನ ಗ್ರಹಕ್ಕೆ ನಕಲು ಮಾಡಿ.